ಹಳೆಯ ಫಿಯೆಟ್ ಮೊದಲು ನಿಲ್ಲಲಿ, ಆಮೇಲೆ ಓಡಲಿ



ನಿಮ್ಮ ಕಟ್ಟಡದ ಅಂಗಳದಲ್ಲಿ, ನೀರಿನ ಟಾಂಕಿಯ ಮಗ್ಗುಲಿಗೆ, ಹರಿದ ತಾಡಪಾಲು ಹೊದ್ದುಕೊಂಡು ಒಂದು ಹಳೆಯ ಫಿಯೆಟ್ ನಿಂತಿದೆಯೇ? ಚಕ್ರಗಳ ಗಾಳಿ ಇಳಿದಿದೆ. ಬಾನೆಟ್ಟಿನ ಮೇಲೆ ಬೆಕ್ಕು ಸಂಸಾರ ಹೂಡಿದೆ. ಜಾಗ ತೆರವು ಮಾಡಿ ಎಂದು ಸೊಸೈಟಿಯಿಂದ ಎರಡು ಪತ್ರಗಳೂ ಬಂದಿವೆ. ಆದರೂ ನಿಮ್ಮ ತಂದೆ ಅದನ್ನು ಮಾರುವುದಿಲ್ಲ, ರಿಪೇರಿಗೆ ಕೊಡುವುದೂ ಇಲ್ಲ. ಗುಜರಿಯವನು ಬಂದು ಬೆಲೆ ಹೇಳಿದರೆ ಮಾತು ಬದಲಿಸಿ ಒಳಗೆ ಹೋಗಿಬಿಡುತ್ತಾರೆ.

ಅದಕ್ಕೆ ಕಾರಣವಿದೆ. 1998ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆಯುವ ತನಕ ಮುಂಬಯಿಯಿಂದ ನಮ್ಮ ಕರಾವಳಿಗೆ ಸಮುದ್ರದಂಚಿನ ನೇರ ರೈಲು ಇರಲಿಲ್ಲ. ಮೇ ತಿಂಗಳ ರಜೆ ಬಂತೆಂದರೆ ಬಸ್ಸೇ ಗತಿ. ಕಾರಿದ್ದವರು ಕಾರಿನಲ್ಲಿ ಹೊರಡುತ್ತಿದ್ದರು. ಮೇಲಿನ ಕ್ಯಾರಿಯರಿನಲ್ಲಿ ಹಾಸಿಗೆ ಸುರುಳಿ, ಡಿಕ್ಕಿಯಲ್ಲಿ ಸ್ಟವ್ವು, ಅಕ್ಕಿ, ಉಪ್ಪಿನಕಾಯಿ ಭರಣಿ. ರಾತ್ರಿ ಯಾವುದೋ ಪೆಟ್ರೋಲ್ ಪಂಪಿನ ಬೆಳಕಿನಲ್ಲಿ ಕಾರಿನೊಳಗೇ ನಿದ್ದೆ. ಹೊರದೇಶಗಳಲ್ಲಿ ಹಾಸಿಗೆ, ಅಡುಗೆಮನೆ ಎಲ್ಲ ಇರುವ ಮೋಟರ್‌ಹೋಮ್ ಎಂಬ ವಾಹನಗಳಿವೆ. ಹಳೆಯ ಮೋಟರ್‌ಹೋಮ್‌ಗಳನ್ನು ಜತನದಿಂದ ದುರಸ್ತಿ ಮಾಡಿ ಓಡಿಸುವುದು ಅಲ್ಲಿನವರಿಗೆ ದೊಡ್ಡ ಹವ್ಯಾಸ. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಆ ಭಾಗ್ಯ ಎಲ್ಲಿಂದ? ಐದು ಜನರ ಫಿಯೆಟ್ಟಿನಲ್ಲಿ ಏಳು ಜನ ಕೂತು ಹೋದದ್ದೇ ನಮ್ಮ ಚಕ್ರದ ಮೇಲಿನ ಮನೆ.

ಇಂಥ ಗಾಡಿಯನ್ನು ಮತ್ತೆ ಓಡಿಸಬೇಕೆಂದು ನಿಮಗೆ ಆಸೆಯಾದರೆ ಸಂತೋಷ. ಆದರೆ ತರುಣರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಬಣ್ಣ ಹೊಡೆಸುವುದು, ಎರಡನೆಯದು ಹೊಸ ಸೀಟು, ಮೂರನೆಯದು ಸ್ಟೀರಿಯೋ. ಬ್ರೇಕು ಮತ್ತು ಸಸ್ಪೆನ್ಷನ್ ಕೊನೆಗೆ, ದುಡ್ಡು ಮುಗಿದ ಮೇಲೆ. ಇದು ತಲೆಕೆಳಗಾದ ಕ್ರಮ. ಎಂಜಿನ್ ಕೈಕೊಟ್ಟರೆ ಗಾಡಿ ರಸ್ತೆಬದಿಗೆ ನಿಲ್ಲುತ್ತದೆ, ಅಷ್ಟೇ. ಬ್ರೇಕು ಕೈಕೊಟ್ಟರೆ ನಿಲ್ಲುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಬಣ್ಣದ ಮಾತೇ ಇಲ್ಲ. ನಿಲ್ಲಿಸುವ ಭಾಗಗಳನ್ನೂ ಭಾರ ಹೊರುವ ಭಾಗಗಳನ್ನೂ ಮುಂಬಯಿಯಲ್ಲಿ ಹುಡುಕುವುದು ಹೇಗೆಂದು ಮಾತ್ರ ಹೇಳುತ್ತೇನೆ.

ಬಿಡಿಭಾಗ ಏಕೆ ಸಿಗುವುದಿಲ್ಲ?

ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅದರ ಕಾರ್ಖಾನೆ ನಮ್ಮ ಕುರ್ಲಾದಲ್ಲೇ ಇತ್ತು. ಇಟಲಿಯ ಫಿಯೆಟ್ 1100 ಮಾದರಿಯ ಕಾರುಗಳು ಅಲ್ಲಿ ತಯಾರಾದವು. 1974ರಿಂದ ಅದೇ ಕಾರಿಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು. ಜನರ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ 'ಫಿಯೆಟ್ಟೇ'. ಹೊಸ ಶತಮಾನ ಕಾಲಿಡುವ ಹೊತ್ತಿಗೆ ತಯಾರಿಕೆ ನಿಂತಿತು. ಕಾರ್ಖಾನೆ ಇದ್ದ ಜಾಗದಲ್ಲಿ ಇಂದು ವಸತಿ ಕಟ್ಟಡಗಳಿವೆ.

ತಯಾರಿಕೆ ನಿಂತ ಮೇಲೂ ಇಪ್ಪತ್ತು ವರ್ಷ ಬಿಡಿಭಾಗಗಳಿಗೆ ಬರ ಬಂದಿರಲಿಲ್ಲ. ಅದಕ್ಕೆ ಕಾರಣ ಕಪ್ಪು-ಹಳದಿ ಟ್ಯಾಕ್ಸಿ. ದಿನವಿಡೀ ಓಡುವ ಟ್ಯಾಕ್ಸಿಗೆ ಬ್ರೇಕ್ ಲೈನರ್ ಬೇಕೇ ಬೇಕು, ಬುಷ್ ಬೇಕೇ ಬೇಕು. ಹಾಗಾಗಿ ಅಂಗಡಿಯವರು ದಾಸ್ತಾನು ಇಡುತ್ತಿದ್ದರು, ಆ ನೆರಳಿನಲ್ಲಿ ಖಾಸಗಿ ಕಾರಿನವರೂ ಬದುಕಿದರು. ತಾರದೇವ್ ಆರ್‌ಟಿಓದಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷಗಳ ಮಿತಿ ಇರುವುದರಿಂದ 2023ರ ಅಕ್ಟೋಬರ್ ಮುಗಿಯುವಾಗ ಆ ಸಂತತಿ ರಸ್ತೆಯಿಂದ ಮರೆಯಾಯಿತು. ಗಿರಾಕಿ ಇಲ್ಲದ ಸಾಮಾನನ್ನು ಯಾವ ವ್ಯಾಪಾರಿ ತಾನೆ ಕಪಾಟಿನಲ್ಲಿ ಇಟ್ಟುಕೊಂಡಾನು? ಇನ್ನು ಮುಂದೆ ಕೇಳಿದ ಕೂಡಲೇ ಸಿಗುವ ಕಾಲವಲ್ಲ, ಹುಡುಕುವ ಕಾಲ.

ಹೊರಡುವ ಮೊದಲು

ಪೇಟೆಗೆ ಹೋಗುವ ಮುಂಚೆ ಗಾಡಿಯನ್ನು ಪರೀಕ್ಷಿಸಿ, ಬೇಕಾದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಫಿಯೆಟ್ಟಿನ ರಚನೆ ಸರಳ. ಮುಂದಿನ ಎರಡು ಚಕ್ರಗಳಿಗೆ ಬೇರೆ ಬೇರೆಯಾಗಿ ಮೇಲೊಂದು ಕೆಳಗೊಂದು ಕವಲು ತೋಳು, ನಡುವೆ ಸುರುಳಿ ಸ್ಪ್ರಿಂಗು. ಹಿಂದೆ ಎರಡು ಚಕ್ರಗಳಿಗೂ ಒಂದೇ ಆಕ್ಸಲ್, ಅದರ ಭಾರ ಹೊರಲು ಪಟ್ಟಿ ಪಟ್ಟಿಯ ಸ್ಪ್ರಿಂಗು. ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಎಣ್ಣೆ ಕೊಳವೆಗಳಲ್ಲಿ ಹರಿದು ಪ್ರತಿ ಚಕ್ರದ ಸಿಲಿಂಡರನ್ನು ತಳ್ಳುತ್ತದೆ, ಅದು ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಆ ಕಾಲದ ಬಹುತೇಕ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಎಣ್ಣೆಯ ದಾರಿ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ.

ಮೂರು ಪರೀಕ್ಷೆಗಳನ್ನು ನೀವೇ ಮಾಡಬಹುದು. ಒಂದು: ಪೆಡಲನ್ನು ಬಲವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಕಾಲು ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರಿಕೆ ಇದೆ, ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸವೆದಿದೆ. ಎರಡು: ಮುಂದಿನ ಚಕ್ರವನ್ನು ಜ್ಯಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿ. ಲೊಡಲೊಡ ಎಂದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಿಸಿ. ಈಗ ಅಲುಗಾಟ ನಿಂತರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ ಅಥವಾ ತೋಳಿನ ಬುಷ್. ಮೂರು: ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ನಾಲ್ಕು ಮೂಲೆಗಳಲ್ಲೂ ನೆಲದಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ಒಂದು ಬದಿ ಕುಗ್ಗಿದ್ದರೆ ಆ ಕಡೆಯ ಸ್ಪ್ರಿಂಗು ಸೋತಿದೆ.

ಅಲ್ಲಿಗೆ ನಿಮ್ಮ ಪಟ್ಟಿ ಸಿದ್ಧ. ಪ್ರತಿ ಭಾಗದ ಮುಂದೆ ಅಳತೆ ಬರೆಯಿರಿ. ಚಕ್ರದ ಸಿಲಿಂಡರಿನ ಒಳವ್ಯಾಸ, ಡ್ರಮ್ಮಿನ ವ್ಯಾಸ, ಶೂವಿನ ಅಗಲ, ಹೋಸಿನ ಉದ್ದ, ಅದರ ತುದಿಯ ಮರೆ. ಫಿಯೆಟ್ಟಿನ ಮರೆ ಮೆಟ್ರಿಕ್ ಲೆಕ್ಕದ್ದು; ಇಂಗ್ಲೆಂಡ್ ಮೂಲದ ಅಂಬಾಸಿಡರಿನದು ಇಂಚಿನ ಲೆಕ್ಕ. ಕಣ್ಣಿಗೆ ಎರಡೂ ಒಂದೇ ಹಾಗೆ ಕಾಣುತ್ತವೆ. ಬಲವಂತದಿಂದ ತಿರುಗಿಸಿ ಕೂರಿಸಿದರೆ ಒಂದು ದಿನ ಬಿಚ್ಚಿಕೊಳ್ಳುತ್ತದೆ.

ಎಲ್ಲಿ ಹುಡುಕುವುದು?

ಮುಂಬಯಿಯಲ್ಲಿ ಮೂರು ಕಡೆ ಕಾಲು ಸವೆಸಬೇಕು. ಮೊದಲನೆಯದು ಆಪೆರಾ ಹೌಸ್ ಸುತ್ತಿನ ಮೋಟಾರು ಬಿಡಿಭಾಗಗಳ ಅಂಗಡಿಗಳು. ಇಲ್ಲಿ ಹಳೆಯ ದಾಸ್ತಾನಿನ ಹೊಸ ಸಾಮಾನು, ಎಂದರೆ ಆ ಕಾಲದಲ್ಲಿ ತಯಾರಾಗಿ ಡಬ್ಬಿ ಒಡೆಯದೆ ಉಳಿದದ್ದು, ಅದೃಷ್ಟವಿದ್ದರೆ ಸಿಗುತ್ತದೆ. ಎರಡನೆಯದು ಕುರ್ಲಾದ ಸಿ.ಎಸ್.ಟಿ. ರಸ್ತೆ, ಗ್ಯಾರೇಜು, ಗುಜರಿ, ಬಿಚ್ಚಿದ ಗಾಡಿಗಳ ಭಾಗಗಳು ಅಲ್ಲಿ ಸಾಲುಸಾಲು. ಮೂರನೆಯದು ಚೋರ್ ಬಜಾರಿನ ಮಟನ್ ಸ್ಟ್ರೀಟ್ ಮತ್ತು ಅದರ ಸುತ್ತಿನ ಗಲ್ಲಿಗಳು. ಊರ ಕಡೆ ಹೋಗುವಾಗ ಬೆಂಗಳೂರು ದಾರಿಯಾದರೆ ಅಲ್ಲಿನ ಜೆ.ಸಿ. ರಸ್ತೆಯನ್ನೂ ಒಮ್ಮೆ ವಿಚಾರಿಸಿ ನೋಡಿ.

ಅಂಗಡಿಗೆ ಹೋಗಿ ಪುಸ್ತಕದ ಇಂಗ್ಲಿಷಿನಲ್ಲಿ 'ರಿಯರ್ ಲೀಫ್ ಸ್ಪ್ರಿಂಗ್ ಅಸೆಂಬ್ಲಿ' ಎಂದರೆ ನಿಮ್ಮ ಮುಖ ನೋಡಿ ಬೆಲೆ ಏರುತ್ತದೆ. ಪೇಟೆಯ ಮಾತು ಕಲಿಯಿರಿ. ಪಟ್ಟಿ ಸ್ಪ್ರಿಂಗಿಗೆ ಇಲ್ಲಿ ಕಮಾನ್ ಎನ್ನುತ್ತಾರೆ, ನಮ್ಮ ಬಿಲ್ಲಿನ ಕಮಾನೇ. ಶಾಕ್ ಅಬ್ಸಾರ್ಬರಿಗೆ ಶಾಕಪ್, ಸ್ಪ್ಯಾನರಿಗೆ ಪಾನಾ. ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಗಲ್ಲೆಯ ಮೇಲೆ ಇಟ್ಟು, "ಚಾಚಾ, ಇದರ ಜೋಡಿ ಇದೆಯೇ?" ಎಂದು ಕೇಳಿ. ಇಲ್ಲ ಎಂದರೆ ಅಲ್ಲಿಂದಲೇ ಹೊರಟುಬಿಡಬೇಡಿ. "ಯಾರ ಬಳಿ ಇದ್ದೀತು?" ಎಂಬ ಎರಡನೆಯ ಪ್ರಶ್ನೆಯನ್ನು ಕೇಳಿ. ನನ್ನ ಅನುಭವದಲ್ಲಿ ಸಾಮಾನು ಸಿಕ್ಕಿದ್ದು ಹೆಚ್ಚಾಗಿ ಆ ಎರಡನೆಯ ಪ್ರಶ್ನೆಗೆ. ಇಂಥ ಅಂಗಡಿಗಳ ಲೆಕ್ಕ ಕಂಪ್ಯೂಟರಿನಲ್ಲಿಲ್ಲ, ಮುದುಕರ ನೆನಪಿನಲ್ಲಿದೆ.

ಹಳೆಯದು ಯಾವುದು ಸರಿ, ಯಾವುದು ಸಲ್ಲ

ಗುಜರಿಯ ಭಾಗವೆಲ್ಲ ಕೆಟ್ಟದ್ದಲ್ಲ, ಹೊಸದೆಲ್ಲ ಒಳ್ಳೆಯದೂ ಅಲ್ಲ. ಕಬ್ಬಿಣದ ಗಟ್ಟಿ ಭಾಗಗಳಾದ ಡ್ರಮ್, ಶೂ ಕೂರುವ ತಟ್ಟೆ, ಕವಲು ತೋಳು ಹಳೆಯವಾದರೂ ನಡೆಯುತ್ತವೆ; ಆದರೆ ಪರೀಕ್ಷಿಸಬೇಕು. ಡ್ರಮ್ಮನ್ನು ವರ್ನಿಯರಿನಿಂದ ಎರಡು ಮೂರು ಕಡೆ ಅಳೆಯಿರಿ. ವೃತ್ತ ಅಂಡಾಕಾರವಾಗಿದ್ದರೆ ಲೇತಿನಲ್ಲಿ ಸರಿ ಮಾಡಿಸಬಹುದು. ಅದಾಗಲೇ ಹಲವು ಸಲ ಲೇತಿಗೆ ಹೋಗಿ ತೆಳುವಾಗಿದ್ದರೆ ಬೇಡ, ಬಿಸಿಗೆ ಬಿರಿಯುತ್ತದೆ. ಚಕ್ರ ಕೂರುವ ಸ್ಟಬ್ ಆಕ್ಸಲಿನಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ನೋಡಲು ಕೆಂಪು ದ್ರವದ ಪರೀಕ್ಷೆ ಇದೆ. ಶುಚಿ ಮಾಡಿದ ಭಾಗಕ್ಕೆ ಕೆಂಪು ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿಯ ಸಿಂಪರಣೆ ಮಾಡಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಎದ್ದು ಕಾಣುತ್ತದೆ.

ರಬ್ಬರಿನ ಯಾವ ಭಾಗವನ್ನೂ ಹಳೆಯದನ್ನು ಕೊಳ್ಳಬೇಡಿ. ಕಪ್, ಸೀಲ್, ಹೋಸ್ ಎಲ್ಲ ಹೊಸದೇ ಬೇಕು. 'ಹಳೆಯ ದಾಸ್ತಾನಿನ ಹೊಸದು' ಕೂಡ ಇಲ್ಲಿ ಬೇಡ. ಮೂವತ್ತು ವರ್ಷ ಡಬ್ಬಿಯಲ್ಲಿದ್ದ ರಬ್ಬರು ಕೂತಲ್ಲೇ ಮುಪ್ಪಾಗಿರುತ್ತದೆ. ಹೊರಗೆ ಚೆನ್ನಾಗಿ ಕಾಣುವ ಹೋಸು ಒಳಗೆ ಊದಿಕೊಂಡು ಎಣ್ಣೆಯನ್ನು ಹೋಗಗೊಟ್ಟು ಮರಳಿ ಬರಗೊಡದೆ ಚಕ್ರವನ್ನು ಹಿಡಿದಿಡುವುದುಂಟು. ಬ್ರೇಕ್ ಲೈನರ್, ಕಿಂಗ್ ಪಿನ್, ಸ್ಟಿಯರಿಂಗಿನ ಬಾಲ್ ಜಾಯಿಂಟ್, ಬೇರಿಂಗ್ ಕೂಡ ಹೊಸದೇ ಆಗಲಿ. ಇವನ್ನು ಎಡ-ಬಲ ಜೋಡಿಯಾಗಿ ಬದಲಾಯಿಸಿ. ಒಂದೇ ಬದಿಗೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಇನ್ನೊಂದು ಎಚ್ಚರಿಕೆ: ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ ಬಿಚ್ಚಿದಾಗ ಕಾಣುವ ಕರಿ ಧೂಳನ್ನು ಬಾಯಿಂದಲಾಗಲಿ ಗಾಳಿಯ ಪಂಪಿನಿಂದಲಾಗಲಿ ಊದಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲಿ. ಶ್ವಾಸಕೋಶಕ್ಕೆ ಹೊಕ್ಕ ಕಲ್ನಾರಿನ ಕೇಡು ಹಲವು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ.

ನಾನು ಕಲಿತ ಪಾಠ

ಇಲ್ಲಿ ನನ್ನದೊಂದು ಪ್ರಸಂಗ ಹೇಳಲೇಬೇಕು. ಒಮ್ಮೆ ಊರಿಗೆ ಹೊರಡುವ ಮೊದಲು ಪರಿಚಯದ ಒಂದು ಗ್ಯಾರೇಜಿಗೆ ಗಾಡಿ ಕೊಟ್ಟಿದ್ದೆ. ಬ್ರೇಕ್ ಎಣ್ಣೆ ಕಡಿಮೆ ಇತ್ತೆಂದು ಅಲ್ಲಿನ ಹುಡುಗ ಕೈಗೆ ಸಿಕ್ಕ ಎಂಜಿನ್ ಎಣ್ಣೆಯನ್ನೇ ಸುರಿದಿದ್ದ. ನನಗೆ ತಿಳಿಯಲಿಲ್ಲ. ಮೂರನೆಯ ದಿನ ಕಶೇಡಿ ಘಾಟಿ ಇಳಿದು ಖೇಡ್ ದಾಟುವಾಗ ಗಾಡಿ ಎಳೆಯಲಾರದೆ ಮುಕ್ಕರಿಯತೊಡಗಿತು. ಸುಟ್ಟ ವಾಸನೆ. ಇಳಿದು ನೋಡಿದರೆ ನಾಲ್ಕೂ ಡ್ರಮ್ಮುಗಳಿಂದ ಹೊಗೆ. ಪೆಡಲ್ ಮೇಲೆ ಕಾಲಿಲ್ಲದಿದ್ದರೂ ಬ್ರೇಕು ಬಿಗಿದೇ ಇತ್ತು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು, ಮುಂದೆ ಪರಶುರಾಮ ಘಾಟಿಯ ಇಳಿಜಾರು.

ಆ ರಾತ್ರಿ ಅಲ್ಲೇ ಕಳೆಯಿತು. ಬೆಳಿಗ್ಗೆ ಸಿಕ್ಕ ಮಿಸ್ತ್ರಿ ಮಾಸ್ಟರ್ ಸಿಲಿಂಡರ್ ಬಿಚ್ಚಿ ಊದಿಕೊಂಡ ರಬ್ಬರ್ ಕಪ್ಪನ್ನು ಅಂಗೈ ಮೇಲೆ ಇಟ್ಟು ತೋರಿಸಿದ. ಬ್ರೇಕಿನ ರಬ್ಬರು ಗ್ಲೈಕಾಲ್ ಜಾತಿಯ ದ್ರವಕ್ಕೆ ಹೊಂದುವಂಥದ್ದು. ಖನಿಜ ತೈಲ ತಾಕಿದರೆ ಊದುತ್ತದೆ, ಊದಿದ ಕಪ್ಪು ಎಣ್ಣೆ ಮರಳುವ ಸಣ್ಣ ರಂಧ್ರವನ್ನು ಮುಚ್ಚುತ್ತದೆ, ಬ್ರೇಕು ಬಿಡುವುದಿಲ್ಲ. ಕೊಳವೆಗಳನ್ನೆಲ್ಲ ತೊಳೆದು ರಬ್ಬರನ್ನೆಲ್ಲ ಬದಲಿಸಬೇಕಾಯಿತು. ಅಂದಿನಿಂದ ಬ್ರೇಕ್ ಎಣ್ಣೆಯ ಡಬ್ಬಿಯನ್ನು ನಾನೇ ಕೊಂಡು, ನಾನೇ ಒಡೆದು, ಎದುರಿಗೆ ನಿಂತು ಹಾಕಿಸುತ್ತೇನೆ. ನೀವೂ ಹಾಗೆಯೇ ಮಾಡಿ.

ಡಬ್ಬಿಯ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದಿರುತ್ತದೆ. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಮುಂಬಯಿಯ ಮಳೆಗಾಲದ ಬಗ್ಗೆ ಹೇಳಬೇಕೇ? ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಡ್ರಮ್ ಕಾದು ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಎಣ್ಣೆ ಬದಲಿಸಿ, ಘಾಟಿಯನ್ನು ಕೆಳಗಿನ ಗೇರಿನಲ್ಲೇ ಇಳಿಯಿರಿ.

ಸಿಗದಿದ್ದರೆ ಮಾಡಿಸುವುದು

ಎಷ್ಟು ಅಲೆದರೂ ಸಿಗದ ಭಾಗಗಳುಂಟು. ಒಳಗೆ ತುಕ್ಕು ತಿಂದ ಚಕ್ರದ ಸಿಲಿಂಡರನ್ನು ಬಿಸಾಡಬೇಡಿ. ಒಳ್ಳೆಯ ಲೇತ್ ಕೆಲಸಗಾರ ಅದನ್ನು ಕೊರೆದು ಹಿತ್ತಾಳೆಯ ಅಥವಾ ತುಕ್ಕು ಹಿಡಿಯದ ಉಕ್ಕಿನ ಹೊಸ ತೋಳು ಕೂರಿಸಿ, ಮೊದಲಿನ ಅಳತೆಗೇ ತಂದುಕೊಡುತ್ತಾನೆ. ತೋಳಿನ ರಬ್ಬರ್ ಬುಷ್‌ಗಳನ್ನು ಮಾದರಿ ಕೊಟ್ಟರೆ ಉಪನಗರಗಳ ಸಣ್ಣ ಕಾರ್ಖಾನೆಗಳಲ್ಲಿ ಅಚ್ಚು ಹಾಕಿ ಮಾಡಿಕೊಡುವವರಿದ್ದಾರೆ. ಒಬ್ಬರಿಗೇ ಮಾಡಿಸಿದರೆ ಅಚ್ಚಿನ ಖರ್ಚು ದುಬಾರಿ, ಹತ್ತು ಮಂದಿ ಸೇರಿದರೆ ಹಗುರ. ಆದರೆ ಬ್ರೇಕಿನ ಕಪ್‌ಗಳನ್ನು ಹೀಗೆ ಮಾಡಿಸಲು ಹೋಗಬೇಡಿ; ಅಳತೆ ಹೊಂದುವ, ಹೆಸರಿದ್ದ ತಯಾರಕರ ಕಪ್ಪನ್ನೇ ಹುಡುಕಿ.

ಕಮಾನಿನ ಕೆಲಸ ಕಮ್ಮಾರನದು. ಸೋತ ಪಟ್ಟಿಗಳನ್ನು ಬಡಿದು ಮತ್ತೆ ಬಾಗಿಸಬಹುದು. ಆದರೆ ಕುಲುಮೆಗೆ ಹಾಕಿ ಕೆಂಪಗೆ ಕಾಯಿಸಿ ಹಾಗೇ ಆರಲು ಬಿಟ್ಟರೆ ಉಕ್ಕಿನ ಹದ ಹೋಗುತ್ತದೆ. ಕಾಯಿಸಿದರೆ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದಕ್ಕೆ ತರಬಲ್ಲವನಿಗೇ ಕೊಡಿ. ಮುಖ್ಯ ಪಟ್ಟಿ ಮುರಿದಿದ್ದರೆ ವೆಲ್ಡಿಂಗ್ ಖಂಡಿತ ಬೇಡ. ಸುರುಳಿ ಸ್ಪ್ರಿಂಗನ್ನು ಬಿಚ್ಚುವ ಕೆಲಸವನ್ನು ಸರಿಯಾದ ಸಲಕರಣೆ ಇರುವ ಮಿಸ್ತ್ರಿಗೇ ಬಿಡಿ. ಒತ್ತಿ ಹಿಡಿದ ಸ್ಪ್ರಿಂಗು ಜಾರಿದರೆ ಎಲುಬು ಮುರಿಯುತ್ತದೆ.

ಕಮಾನಿನ ಮಾತು ಬಂದಾಗ ಊರಿನ ಒಂದು ವಿಷಯ ನಿಮಗೆ ತಿಳಿದಿರಲಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯ ಮೂವರು ಸ್ಥಾಪಕರಲ್ಲಿ ಒಬ್ಬರು ವಾಮನ ಶ್ರೀನಿವಾಸ ಕುಡ್ವ. ಮಂಗಳೂರಿನ ಕೆನರಾ ವರ್ಕ್‌ಶಾಪ್ಸ್ ಕೂಡ ಅವರು ಕಟ್ಟಿದ್ದು. ಅಲ್ಲಿ ತಯಾರಾದದ್ದು ವಾಹನಗಳ ಪಟ್ಟಿ ಸ್ಪ್ರಿಂಗುಗಳು. ನಮ್ಮವರೆಂದರೆ ಹೋಟೆಲು, ಬ್ಯಾಂಕು ಎಂದಷ್ಟೇ ಕೇಳಿ ಬೆಳೆದ ನಿಮಗೆ ಇದೂ ಗೊತ್ತಿರಬೇಕು.

ಒಂದು ನೋಟ್‌ಬುಕ್ಕು

ಅಮೆರಿಕದಲ್ಲಿ ಜಿಎಂಸಿ ಕಂಪನಿ 1973ರಿಂದ 1978ರವರೆಗೆ ಸುಮಾರು 13 ಸಾವಿರ ಮೋಟರ್‌ಹೋಮ್‌ಗಳನ್ನು ತಯಾರಿಸಿ ಕೈಬಿಟ್ಟಿತು. ಅದರ ಹಿಂದಿನ ನಾಲ್ಕು ಚಕ್ರಗಳು ಗಾಳಿಚೀಲಗಳ ಮೇಲೆ ಕೂತಿವೆ. ಅಂಥ ಭಾಗ ಸಾಮಾನ್ಯ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಆದರೂ ಅವುಗಳಲ್ಲಿ ಎಷ್ಟೋ ಇಂದೂ ಓಡುತ್ತಿವೆ. ಮಾಲೀಕರು ಸಂಘ ಕಟ್ಟಿಕೊಂಡು ಯಾವ ಭಾಗಕ್ಕೆ ಬೇರೆ ಯಾವ ವಾಹನದ್ದು ಹೊಂದುತ್ತದೆ, ಯಾರು ಹೊಸದಾಗಿ ಮಾಡಿಕೊಡುತ್ತಾರೆ ಎಂದು ಬರೆದಿಟ್ಟರು. ಕಂಪನಿ ಬಿಟ್ಟ ಕೆಲಸವನ್ನು ಬಳಸುವವರು ಮುಂದುವರಿಸಿದರು.

ಮುಂಬಯಿಯಲ್ಲಿ ನಮಗೂ ಇದು ಅಸಾಧ್ಯವಲ್ಲ. ನಮ್ಮ ಸಂಘದ ಹಿರಿಯರಲ್ಲಿ ಟ್ಯಾಕ್ಸಿ ಓಡಿಸಿದವರು, ಕುರ್ಲಾದ ಕಾರ್ಖಾನೆಯಲ್ಲೋ ಬೆಸ್ಟ್ ಡಿಪೋದಲ್ಲೋ ದುಡಿದವರು ಇದ್ದಾರು. ರಾಜ್ಯೋತ್ಸವದ ದಿನ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತು ಕೇಳಿ ನೋಡಿ. ಅವರು ಹೇಳಿದ್ದನ್ನು ಅಳತೆಯ ಸಮೇತ ಆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅವರ ನೆನಪಿನಲ್ಲಿರುವುದು ಯಾವ ಕ್ಯಾಟಲಾಗಿನಲ್ಲೂ ಇಲ್ಲ, ಅವರು ಎಷ್ಟು ದಿನ ನಮ್ಮೊಡನೆ ಇರುತ್ತಾರೋ ಹೇಳಲಾಗದು.

ಕಾನೂನಿನ ಕಡೆಗೂ ಗಮನವಿರಲಿ. ಖಾಸಗಿ ಕಾರಿನ ನೋಂದಣಿ 15 ವರ್ಷದ ಬಳಿಕ ಯೋಗ್ಯತಾ ತಪಾಸಣೆಗೆ ಒಳಪಟ್ಟು ಐದೈದು ವರ್ಷಕ್ಕೆ ನವೀಕರಣವಾಗಬೇಕು. ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆಯೂ ಉಂಟು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿ, ಮೂಲರೂಪದಲ್ಲೇ ಇರುವ ಗಾಡಿಗೆ 'ವಿಎ' ಅಕ್ಷರಗಳ ವಿಶೇಷ ನಂಬರು ಸಿಗುತ್ತದೆ. ಆದರೆ ಅದನ್ನು ರ‍್ಯಾಲಿ, ಪ್ರದರ್ಶನ, ದುರಸ್ತಿ ಮುಂತಾದವಕ್ಕೆ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1980ರ ದಶಕದ ಪದ್ಮಿನಿಗೆ ಆ ವಯಸ್ಸು ಇನ್ನೂ ಆಗಿಲ್ಲ.

ಎಲ್ಲ ಮಾಡಿಯೂ ಬ್ರೇಕು ನಿಮಗೆ ನಂಬಿಕೆ ಹುಟ್ಟಿಸದಿದ್ದರೆ ರಸ್ತೆಗೆ ಇಳಿಸಬೇಡಿ. ಧರ್ಮಸ್ಥಳದ ಮಂಜೂಷಾ ಸಂಗ್ರಹದ ಹಳೆಯ ಕಾರುಗಳನ್ನು ನೋಡಿದ್ದೀರಲ್ಲ? ನಿಂತ ಕಾರಿಗೂ ಒಂದು ಗೌರವವಿದೆ.

ಭಾಗಗಳೆಲ್ಲ ಕೂಡಿದ ಮೇಲೆ ಕೊನೆಯ ಕೆಲಸ, ಕೊಳವೆಗಳಲ್ಲಿ ಉಳಿದ ಗಾಳಿ ತೆಗೆಯುವುದು. ಇದು ಒಬ್ಬರಿಂದ ಆಗದು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಮಲಗಿ ತಿರುಪು ಸಡಿಲಿಸಿ ಬಿಗಿಯಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿ. ಆ ದಿನ ಮಿಸ್ತ್ರಿಯನ್ನು ಕರೆಯಬೇಡಿ, ತಂದೆಯನ್ನು ಕರೆಯಿರಿ. ಇಷ್ಟು ವರ್ಷ ತಾಡಪಾಲು ಎತ್ತದವರು ಬಂದು ಸ್ಟಿಯರಿಂಗಿನ ಮುಂದೆ ಕೂರಲಿ. ನೀವು ಕೆಳಗಿನಿಂದ ಹೇಳಿ: "ಅಪ್ಪಾ, ಒತ್ತಿ... ಹಿಡಿದುಕೊಳ್ಳಿ... ಬಿಡಿ." ಗುಳ್ಳೆಗಳು ನಿಂತು ಶುದ್ಧ ಎಣ್ಣೆ ಬರುವ ತನಕ, ನಾಲ್ಕು ಚಕ್ರಕ್ಕೂ.

ಪೆಡಲ್ ಗಟ್ಟಿಯಾಗಿ ನಿಂತಿತೆಂದು ಅವರ ಕಾಲಿಗೆ ಮೊದಲು ಗೊತ್ತಾಗುತ್ತದೆ. ಆಮೇಲೆ ಅಂಗಳದಲ್ಲೇ ಹತ್ತು ಹೆಜ್ಜೆ ಓಡಿಸಿ, ನಿಲ್ಲಿಸಿ ನೋಡಿ. ಸರಿಯಾಗಿ ನಿಂತರೆ ಬಣ್ಣದ ಮಾತು ಆಡೋಣ.